ಕಾರಿನ ಹಾರ್ನ್ ಬಂದ್ ಆದ್ರ ಮೊದಲು ಇಷ್ಟು ನೋಡ್ರಿ

ಹಾರ್ನ್ ಹೊಡಿಲಿಲ್ಲ ಅಂತ ಕೂಡ್ಲೇ ಹೊಸಾದು ತರಾಕ ಓಡಬ್ಯಾಡ್ರಿ. ಮೊದಲು ಫ್ಯೂಸ್ ನೋಡ್ರಿ. ಸುಟ್ಟಿದ್ರ ಅಷ್ಟೇ ಆಂಪಿಯರ್‌ದು ಹಾಕ್ರಿ, ದೊಡ್ಡದು ಹಾಕಿದ್ರ ವೈರೇ ಸುಡ್ತೈತಿ. ಆಮೇಲೆ ಒಬ್ಬರಿಗೆ ಹಾರ್ನ್ ಒತ್ತಾಕ ಹೇಳಿ ರಿಲೇ (ಸ್ವಿಚ್ ಒತ್ತಿದಾಗ ಹಾರ್ನ್‌ಗೆ ಕರೆಂಟ್ ಬಿಡೋ ಸಣ್ಣ ಡಬ್ಬಿ) ಮ್ಯಾಲ ಬೆರಳಿಡ್ರಿ. ಟಿಕ್ ಅಂದ್ರ ಸ್ವಿಚ್ ಸರಿ ಐತಿ, ಹಾರ್ನ್ ಕಡೆ ಹೋಗ್ರಿ.

ಹಾರ್ನ್ ಗ್ರಿಲ್ ಹಿಂದ ಇರೋದ್ರಿಂದ ಮಳಿನೀರು ಸಿಡಿದು ಕನೆಕ್ಟರ್, ಅರ್ಥ್ ಬೋಲ್ಟ್ (ಅರ್ಥಿಂಗ್ ವೈರ್ ಬಾಡಿಗೆ ಕೂಡಿಸೋ ಬೋಲ್ಟ್) ಜಂಗ್ ಹಿಡಿತಾವು. ನಮ್ಮ ಹುಬ್ಬಳ್ಳಿ ಧೂಳು, ಗದಗ ಕಡೆ ಎರಿಮಣ್ಣಿನ ರಾಡಿ ಅಂತೂ ಕೇಳೂದೇ ಬ್ಯಾಡ. ಸ್ಯಾಂಡ್‌ಪೇಪರ್‌ಲೆ ತಿಕ್ಕಿ ಬಿಗಿ ಮಾಡ್ರಿ. ಫ್ಯೂಸ್ ಇರೋ ವೈರ್‌ಲೆ ಬ್ಯಾಟರಿಯಿಂದ ಸೀದಾ 12 ವೋಲ್ಟ್ ಕೊಟ್ರೂ ಸುಮ್ಮನಿದ್ರ ಹಾರ್ನೇ ಹೋಗೇತಿ.

ರಿಲೇ ಟಿಕ್ ಅನ್ನಲಿಲ್ಲ, ಏರ್‌ಬ್ಯಾಗ್ ದೀಪಾನೂ ಹತ್ತೇತಿ ಅಂದ್ರ ಸ್ಟೇರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಹಾರ್ನ್ ಸ್ವಿಚ್, ಏರ್‌ಬ್ಯಾಗ್ ಎರಡಕ್ಕೂ ಕನೆಕ್ಷನ್ ಕೊಡೋ ಸುರುಳಿ ವೈರ್) ಮ್ಯಾಲ ಸಂಶಯ. ಅದನ್ನ ಮಾತ್ರ ನೀವು ಬಿಚ್ಚಬ್ಯಾಡ್ರಿ, ಏರ್‌ಬ್ಯಾಗ್ ಸಿಡಿದೀತು; ಕಾರ್ ಎಲೆಕ್ಟ್ರಿಷಿಯನ್ ಕಡೆ ಒಯ್ರಿ.