ಎರಡೂ ಪಂಪಿನ ಕೇಬಲ್ಲು ಒಂದೇ ತೂತಿನೊಳಗೆ

ಕಳೆದ ಬೇಸಿಗೆಯ ಮಾತು. ಗಿಣಿಗೇರಿ ಕಡೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಕೇಬಲ್ ಕೋಣೆಯಲ್ಲಿ, ಕೇಬಲ್ ತೂತು ಮುಚ್ಚುವ ನಮ್ಮ ತಂಡದ ಹುಡುಗನೊಬ್ಬ ಊದಿನಕಡ್ಡಿ ಹಚ್ಚಿ ಗೋಡೆಯ ತೂತಿನ ಮುಂದೆ ಹಿಡಿದು ಕೂತಿದ್ದ. ಹೊಗೆ ಎತ್ತ ಎಳೆಯುತ್ತದೋ ಅಲ್ಲಿ ಗಾಳಿ ಸೋರುತ್ತದೆ ಅಂತ ಲೆಕ್ಕ. ಬುದ್ಧಿವಂತಿಕೆಯೇ. ನಾನು ಓಡಿಹೋಗಿ ಕಸಿದುಕೊಂಡು ಕಾಲಲ್ಲಿ ತಿಕ್ಕಿಬಿಟ್ಟೆ. ಅವನಿಗೆ ಸಿಟ್ಟು ಬಂತು. "ಊದಿನಕಡ್ಡಿಗೆ ಇಷ್ಟ್ಯಾಕ ಹೆದರ್ತೀರಿ ಸರ್, ಮನ್ಯಾಗ ದಿನಾ ಹಚ್ಚೂದಿಲ್ಲೇನು?" ಅಂದ. ಹೊರಗೆ ಕರೆದುಕೊಂಡು ಹೋಗಿ ಚಹಾ, ಮಿರ್ಚಿ ಕೊಡಿಸಿ ಬ್ರೌನ್ಸ್ ಫೆರಿಯ ಕಥೆ ಹೇಳಿದೆ.

1975ರ ಮಾರ್ಚ್ 22. ಅಮೆರಿಕದ ಅಲಬಾಮಾದಲ್ಲಿರುವ ಬ್ರೌನ್ಸ್ ಫೆರಿ ಅಣು ಸ್ಥಾವರದಲ್ಲಿ ಕೆಲಸಗಾರರು ನಮ್ಮ ಹುಡುಗ ಮಾಡುತ್ತಿದ್ದುದನ್ನೇ ಮಾಡುತ್ತಿದ್ದರು. ಅವರ ಕೈಯಲ್ಲಿ ಊದಿನಕಡ್ಡಿ ಇರಲಿಲ್ಲ, ಮೇಣದಬತ್ತಿ ಇತ್ತು. ಕೇಬಲ್ ಕೋಣೆಯಿಂದ ರಿಯಾಕ್ಟರ್ ಕಟ್ಟಡದೊಳಗೆ ಕೇಬಲ್ ಹೋಗುವ ತೂತುಗಳಿಗೆ ಪಾಲಿಯುರಿಥೇನ್ ಫೋಮ್ ತುಂಬುವುದು, ಗಾಳಿ ಸೋರುತ್ತದೆಯೇ ಅಂತ ಮೇಣದಬತ್ತಿಯ ಜ್ವಾಲೆ ಹಿಡಿದು ನೋಡುವುದು. ಆ ಕಡೆಗೆ ನುಗ್ಗುವ ಗಾಳಿ ಜ್ವಾಲೆಯನ್ನೇ ಒಳಗೆ ಎಳೆದುಕೊಂಡಿತು, ಫೋಮ್ ಹತ್ತಿಕೊಂಡಿತು. ಬೆಂಕಿ ಸುಮಾರು ಏಳು ಗಂಟೆ ಉರಿಯಿತು. 1,600ಕ್ಕೂ ಹೆಚ್ಚು ಕೇಬಲ್ ಸುಟ್ಟವು, ಅದರಲ್ಲಿ 600ಕ್ಕೂ ಹೆಚ್ಚು ಸುರಕ್ಷತೆಗೆ ಸಂಬಂಧಪಟ್ಟವು. ಕಂಟ್ರೋಲ್ ರೂಮಿನಲ್ಲಿ ದೀಪಗಳು ತಾವಾಗಿಯೇ ಹತ್ತುವುದು ಆರುವುದು, ಯಾರೂ ಮುಟ್ಟದೆ ಪಂಪುಗಳು ಶುರುವಾಗುವುದು ನಡೆಯಿತು. ಕರೆಂಟಿನ ಬೆಂಕಿಗೆ ನೀರು ಹಾಕಬಾರದು ಅಂತ ಗಂಟೆಗಟ್ಟಲೆ ಕಾದರು. ಕೊನೆಗೆ ನೀರು ಹೊಡೆದ ಮೇಲೆ ಸ್ವಲ್ಪ ಹೊತ್ತಿಗೇ ಆರಿತು.

"ಅದಕ್ಕ ಅವರು ಮುಂದ ಏನ್ ಹಚ್ಚತಾರ್ರಿ ಈಗ?" ಅಂತ ಹುಡುಗ ಕೇಳಿದ. ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ಹಿಡಿದರೂ ಗಾಳಿ ತೋರಿಸುತ್ತದಪ್ಪ ಅಂದೆ. ಆವತ್ತಿನಿಂದ ಬೇಕರಿ ಚೀಲ ಹರಿದು ಪಟ್ಟಿ ಮಾಡಿಟ್ಟುಕೊಂಡಿದ್ದೇವೆ.

ನಾನು ಕೊಪ್ಪಳದವನು. ಕೈಗಾದ 3 ಮತ್ತು 4ನೇ ಘಟಕ ಕಟ್ಟುವಾಗ ಒಬ್ಬ ಉಪಗುತ್ತಿಗೆದಾರನ ಕಡೆ ಕೇಬಲ್ ಎಳೆಯುವ ಗುಂಪಿಗೆ ಸೂಪರ್‌ವೈಸರ್ ಆಗಿದ್ದೆ. ನಮ್ಮೂರಿನ ಬಿಸಿಲಿನಿಂದ ಅಲ್ಲಿನ ಮಳೆಗೆ ಹೋದವನಿಗೆ ಮೊದಲ ಆರು ತಿಂಗಳು ಅಂಗಿ ಒಣಗಲೇ ಇಲ್ಲ. ಕೆಲಸದ ರೀತಿಯೂ ಹೊಸದು. ಇಲ್ಲಿ ನಮ್ಮ ಕಾರ್ಖಾನೆಗಳಲ್ಲಿ ಕೇಬಲ್ಲಿಗೆ ದಾರಿ ಅಂದರೆ ಹತ್ತಿರದ ದಾರಿ. ಅಲ್ಲಿ ಪ್ರತಿ ಕೇಬಲ್ಲಿಗೂ ಒಂದು ನಂಬರು, ಅದು ಕೇಬಲ್ ಮಲಗಿಸುವ ಯಾವ ಟ್ರೇ ಹಿಡಿದು ಯಾವ ಗೋಡೆ ದಾಟಬೇಕು ಅಂತ ಒಂದು ಚೀಟಿ. ಒಮ್ಮೆ ಉದ್ದ ಉಳಿಯುತ್ತದೆ ಅಂತ ನಾನೇ ಒಂದನ್ನು ಪಕ್ಕದ ಟ್ರೇಯಲ್ಲಿ ಎಳೆಸಿಬಿಟ್ಟೆ. ತಪಾಸಣೆಗೆ ಬಂದವರು ಅದೇ ಸಂಜೆ ಪೂರ್ತಿ ಬಿಚ್ಚಿಸಿದರು. "ಇವೆರಡೂ ಒಟ್ಟಿಗೆ ಸುಟ್ಟರೆ ಏನಾಗುತ್ತದೆ ಹೇಳು" ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಅವರು ನರೋರಾ ಅಂದರು.

ಉತ್ತರ ಪ್ರದೇಶದ ನರೋರಾ ಅಣು ಸ್ಥಾವರ, 1993ರ ಮಾರ್ಚ್ 31, ಬೆಳಗಿನ ಜಾವ ಮೂರೂವರೆ ಸುಮಾರು. 1ನೇ ಘಟಕದ ಟರ್ಬೈನಿನ ಎರಡು ಬ್ಲೇಡು ಮುರಿದವು. ಗಡಗಡ ನಡುಗಿದ ಯಂತ್ರದಲ್ಲಿ ಜನರೇಟರಿನ ಹೈಡ್ರೋಜನ್ ಸೋರಿತು, ಆಯಿಲ್ ಪೈಪು ಒಡೆಯಿತು, ಬೆಂಕಿ ಎದ್ದಿತು. ಆಪರೇಟರು ಒಂದು ನಿಮಿಷದೊಳಗೆ ರಿಯಾಕ್ಟರ್ ನಿಲ್ಲಿಸಿದ. ಆದರೆ ಬೆಂಕಿ ಕೇಬಲ್ ಹಿಡಿದುಕೊಂಡು ಮುಂದೆ ನಡೆಯಿತು. ಮಾಮೂಲಿ ಕರೆಂಟು, ಡೀಸೆಲ್ ಜನರೇಟರಿನ ಕರೆಂಟು, ಬ್ಯಾಟರಿಯದು ಎಲ್ಲಕ್ಕೂ ಬೇರೆ ಬೇರೆ ಮೂಲ ಇತ್ತು. ಕೇಬಲ್ ಮಾತ್ರ ಬೇಕಾದಷ್ಟು ಅಂತರ, ತಡೆಗೋಡೆ ಇಲ್ಲದೆ ಒಂದೇ ದಾರಿಯಲ್ಲಿದ್ದವು. ಕೆಲವೇ ನಿಮಿಷದಲ್ಲಿ ಎಲ್ಲ ಹೋದವು. 17 ಗಂಟೆ ಸ್ಥಾವರ ಕತ್ತಲೆಯಲ್ಲಿತ್ತು. ಹೊಗೆ ಕಂಟ್ರೋಲ್ ರೂಮಿಗೆ ನುಗ್ಗಿ ಜನ ಹೊರಗೆ ಬರಬೇಕಾಯಿತು. ಟಾರ್ಚು ಹಿಡಿದು ಮೇಲೆ ಹತ್ತಿ ವಾಲ್ವು ತಿರುಗಿಸಿ, ಅಣು ಕ್ರಿಯೆ ಮತ್ತೆ ಶುರುವಾಗದಂತೆ ತಡೆಯುವ ಬೋರಾನ್ ದ್ರಾವಣವನ್ನು ರಿಯಾಕ್ಟರಿಗೆ ಇಳಿಸಿದರು. ಬೆಂಕಿ ಆರಿಸಲೆಂದು ಇದ್ದ ಡೀಸೆಲ್ ಪಂಪಿನ ನೀರನ್ನೇ ಸ್ಟೀಮ್ ಜನರೇಟರಿಗೆ ಕೊಟ್ಟು ಶಾಖ ತೆಗೆದರು. ಆ ಡೀಸೆಲ್ ಪಂಪಿಗೆ ಸುಟ್ಟ ಕೇಬಲ್ಲಿನ ಹಂಗು ಇರಲಿಲ್ಲ, ಅದಕ್ಕೇ ಬದುಕಿತು.

ರಿಯಾಕ್ಟರ್ ನಿಂತ ಮೇಲೂ ಶಾಖ ಯಾಕೆ ತೆಗೆಯಬೇಕು ಅಂತ ಬಹಳ ಮಂದಿ ಕೇಳುತ್ತಾರೆ. ಒಲೆ ಆರಿಸಿದ ಮೇಲೂ ಕೆಂಡ ಇರುತ್ತದಲ್ಲ, ಹಾಗೆ. ನಿಲ್ಲಿಸಿದ ಕ್ಷಣದಲ್ಲಿ ಪೂರ್ತಿ ಶಕ್ತಿಯ ಶೇ. 6-7ರಷ್ಟು ಶಾಖ ಹುಟ್ಟುತ್ತಲೇ ಇರುತ್ತದೆ. ಒಂದು ದಿನ ಕಳೆದರೂ ಶೇ. ಅರ್ಧದಷ್ಟು ಉಳಿದಿರುತ್ತದೆ. ಕೆಂಡಕ್ಕೆ ನೀರು ಹಾಕಬಹುದು, ಇದಕ್ಕೆ ದಿನಗಟ್ಟಲೆ ನೀರು ಹರಿಸುತ್ತಲೇ ಇರಬೇಕು. ಆ ನೀರು ಹರಿಸುವ ಪಂಪಿನ ಕೇಬಲ್, ಅದರ ವಾಲ್ವಿನ ಕೇಬಲ್, ಅದು ಓಡುತ್ತಿದೆಯೇ ಅಂತ ತೋರಿಸುವ ಮೀಟರಿನ ಕೇಬಲ್, ಇವು ಮೂರೂ ಬದುಕಬೇಕು. ಸೇಫ್ ಶಟ್‌ಡೌನ್ ಅನ್ನುವುದು ಇಷ್ಟೇ. ಬ್ರೌನ್ಸ್ ಫೆರಿ ಆದ ಮೇಲೆ ಅಮೆರಿಕದವರು 1980ರಲ್ಲಿ ಬರೆದ ನಿಯಮ ಹೀಗಿದೆ: ಒಂದೇ ಕೆಲಸ ಮಾಡುವ ಎರಡು ವ್ಯವಸ್ಥೆಗಳ ಕೇಬಲ್ ನಡುವೆ ಮೂರು ಗಂಟೆ ತಡೆಯುವ ಗೋಡೆ ಇರಬೇಕು, ಇಲ್ಲ, 20 ಅಡಿ ಅಂತರ ಇದ್ದು ನಡುವೆ ಸುಡುವ ವಸ್ತು ಏನೂ ಇರಬಾರದು, ಜೊತೆಗೆ ಬೆಂಕಿ ಪತ್ತೆ ಮಾಡುವ, ತಾನಾಗಿ ಆರಿಸುವ ವ್ಯವಸ್ಥೆ ಬೇಕು, ಇಲ್ಲ, ಒಂದನ್ನು ಒಂದು ಗಂಟೆ ತಡೆಯುವ ಹೊದಿಕೆಯೊಳಗೆ ಇಟ್ಟು ಅದೇ ಪತ್ತೆ, ಅದೇ ಆರಿಸುವ ವ್ಯವಸ್ಥೆ ಕೊಡಬೇಕು.

ಇನ್ನು ಗಿಣಿಗೇರಿ ಕಡೆಯ ಆ ಕಾರ್ಖಾನೆಗೆ ಬರುತ್ತೇನೆ. ಹೆಸರು ಬೇಡ. ಅದಿರು ಕಾಯಿಸುವ ಕುಲುಮೆಯಿಂದ (ಕಿಲ್ನ್) ಬರುವ ಬಿಸಿ ಗಾಳಿಯಲ್ಲಿ ಉಗಿ ಮಾಡಿ ಟರ್ಬೈನ್ ತಿರುಗಿಸುವ ಸಣ್ಣ ಪವರ್ ಪ್ಲಾಂಟು. ಹಿಂದಿನ ವರ್ಷ ವೆಲ್ಡಿಂಗ್ ಕಿಡಿ ಟ್ರೆಂಚಿನೊಳಗೆ ಬಿದ್ದು, ಕಲ್ಲಿದ್ದಲ ಧೂಳು ಹತ್ತಿಕೊಂಡು, ಕೇಬಲ್ ಸುಟ್ಟು, ಟರ್ಬೈನಿನ ಬೇರಿಂಗ್ ಹೋಗಿತ್ತು. ಮಾಲೀಕರು ನನ್ನನ್ನು ಕರೆದದ್ದು ತೂತು ಮುಚ್ಚಲು. "ಫೈರ್ ಸೀಲಿಂಗ್ ಮಾಡ್ರಿ, ಬಿಲ್ ಕೊಡ್ರಿ" ಅಂದರು. ನಾನು ಕೇಳಿದೆ, ಬೆಂಕಿ ಹತ್ತಿದ್ದು ಟ್ರೆಂಚಿನಲ್ಲಿ, ಬೇರಿಂಗ್ ಯಾಕೆ ಸುಟ್ಟಿತು? ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೈಗಾದ ಆ ಸಂಜೆ ನೆನಪಾಯಿತು.

ಟರ್ಬೈನ್ ಟ್ರಿಪ್ ಆಗಿ ಉಗಿ ನಿಂತರೂ ಅದು ತಟ್ಟನೆ ನಿಲ್ಲುವುದಿಲ್ಲ, ಇಪ್ಪತ್ತು ನಿಮಿಷಕ್ಕೂ ಮೇಲೆ ತನ್ನ ಓಟದಲ್ಲೇ ತಿರುಗುತ್ತದೆ. ಅಷ್ಟು ಹೊತ್ತೂ ಬೇರಿಂಗಿಗೆ ಎಣ್ಣೆ ಬೇಕು. ಎಸಿ ಪಂಪು ಹೋದರೆ ಬ್ಯಾಟರಿಯ ಮೇಲೆ ಓಡುವ ಡಿಸಿ ಪಂಪು ಇದೆ. ಅದೂ ಓಡದಿದ್ದರೆ ಬೇರಿಂಗಿನ ಬಿಳಿ ಲೋಹ ಕರಗಿ ಹೋಗುತ್ತದೆ. ಅಣು ಸ್ಥಾವರದ ಕೆಂಡಕ್ಕೂ ಇದಕ್ಕೂ ಅಳತೆಯಲ್ಲಿ ಹೋಲಿಕೆಯೇ ಇಲ್ಲ, ಆದರೆ ಪ್ರಶ್ನೆ ಒಂದೇ. ಎರಡು ದಿನ ಟಾರ್ಚು ಹಿಡಿದು ಕೇಬಲ್ ಹಿಂದೆ ಹೋದೆವು. ಟ್ಯಾಗು ಅರ್ಧ ಇರಲಿಲ್ಲ, ಇದ್ದವುಗಳ ಮೇಲೆ ಕೆಂಪು ಧೂಳು. ಎಸಿ ಪಂಪಿನ ಕೇಬಲ್ಲು ಹಿಡಿದು ಹೋದವರು ಆಯಿಲ್ ಟ್ಯಾಂಕಿನ ಹಿಂದಿನ ತೂತಿಗೆ ಬಂದರು. ಡಿಸಿ ಪಂಪಿನದು ಹಿಡಿದು ಹೋದವರೂ ಅಲ್ಲಿಗೇ ಬಂದರು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಮ್ಯಾನೇಜರಿಗೆ ತೋರಿಸಿದೆ. "ಎಲ್ಲಾ ಎಫ್‌ಆರ್‌ಎಲ್‌ಎಸ್ ಕೇಬಲ್ ಐತಲ್ರಿ, ಸುಡೂದಿಲ್ಲ ಅದು" ಅಂದರು. ಈ ಮಾತನ್ನು ಎಷ್ಟು ಕಡೆ ಕೇಳಿದ್ದೇನೋ. ಎಫ್‌ಆರ್‌ಎಲ್‌ಎಸ್ ಅಂದರೆ ಬೆಂಕಿ ನಿಧಾನಕ್ಕೆ ಹರಡುತ್ತದೆ, ಹೊಗೆ ಕಡಿಮೆ, ಅಷ್ಟೇ. ಹೊದಿಕೆ ಉರಿಯಲು ಕನಿಷ್ಠ ಶೇ. 29 ಆಮ್ಲಜನಕ ಬೇಕು, ನಮ್ಮ ಗಾಳಿಯಲ್ಲಿ ಇರುವುದು ಶೇ. 21. ಅದು ಸರಿ. ಆದರೆ ಪಕ್ಕದಲ್ಲಿ ಎಣ್ಣೆ ಉರಿಯುತ್ತಿದ್ದರೆ ಅದೂ ಕರಗುತ್ತದೆ, ಕರಗಿದ ಮೇಲೆ ಪಂಪು ಓಡುವುದಿಲ್ಲ. ಬೆಂಕಿಯೊಳಗೂ ಕೆಲಸ ಮಾಡುವ ಕೇಬಲ್ ಬೇರೆ, ಅದರ ತಾಮ್ರಕ್ಕೆ ಅಭ್ರಕದ ಪಟ್ಟಿ ಸುತ್ತಿರುತ್ತಾರೆ, 950 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟು ಪರೀಕ್ಷಿಸುತ್ತಾರೆ. ಒಂದು ಸುಡುವುದಿಲ್ಲ ಅಂತ ಹಟ ಮಾಡುತ್ತದೆ, ಇನ್ನೊಂದು ಸುಡುತ್ತಲೇ ಕೆಲಸ ಮಾಡುತ್ತದೆ. ಖರೀದಿ ವಿಭಾಗದವರಿಗೆ ಎರಡರ ಬೆಲೆಯಷ್ಟೇ ಕಾಣುತ್ತದೆ.

ಡಿಸಿ ಪಂಪಿನ ಪವರ್ ಕೇಬಲ್ಲನ್ನು ಈ ಅಭ್ರಕದ ಜಾತಿಯದಕ್ಕೆ ಬದಲಿಸಿ ಟರ್ಬೈನ್ ಕಟ್ಟಡದ ಹೊರಗೋಡೆ ಬಳಸಿ ಹೊಸ ಟ್ರೇಯಲ್ಲಿ ಒಯ್ದೆವು. ಕೆಲಸ ಮುಗಿಯಿತು ಅಂತ ಮೀಸೆ ತಿರುವಿಕೊಂಡೆ. ರಾತ್ರಿ ಮನೆಯಲ್ಲಿ ಪೆನ್ಸಿಲ್ ಹಿಡಿದು ಕೂತಾಗ ಬೆವರು ಬಂತು. ಪಂಪಿಗೆ ಕರೆಂಟು ಹೊಸ ದಾರಿಯಲ್ಲಿ ಬರುತ್ತದೆ, ಸರಿ. ಓಡು ಅಂತ ಹೇಳುವವರು ಯಾರು? ಎಣ್ಣೆಯ ಒತ್ತಡ ಬಿದ್ದಾಗ ಮುಚ್ಚಿಕೊಳ್ಳುವ ಪ್ರೆಶರ್ ಸ್ವಿಚ್. ಅದರ ಎರಡು ತಂತಿಯ ಕಡ್ಡಿಯಷ್ಟು ತೆಳ್ಳನೆ ಕೇಬಲ್ಲು ಹಳೆ ಟ್ರೇಯಲ್ಲೇ ಇತ್ತು. ದಪ್ಪ ಕೇಬಲ್ ಹಿಂದೆ ಹೋದವನು ಸಣ್ಣದನ್ನು ಮರೆತಿದ್ದೆ.

ಬೆಂಕಿಯಲ್ಲಿ ಕೇಬಲ್ ಮೂರು ಥರ ಕೆಡುತ್ತದೆ. ಕಡಿಯುತ್ತದೆ, ನೆಲಕ್ಕೆ ಜೋಡಿಸಿದ ಲೋಹಕ್ಕೆ (ಅರ್ಥಿಂಗ್) ತಾಗುತ್ತದೆ, ಇಲ್ಲವೇ ಪಕ್ಕದ ತಂತಿಗೆ ಅಂಟುತ್ತದೆ. ಮೂರನೆಯದಕ್ಕೆ ಹಾಟ್ ಶಾರ್ಟ್ ಅನ್ನುತ್ತಾರೆ. ಅದು ಸುಳ್ಳು ಹೇಳುವ ಕೇಬಲ್ಲು. ಬಟನ್ ಒತ್ತದಿದ್ದರೂ ಒತ್ತಿದಂತೆ ತೋರಿಸುತ್ತದೆ, ಅಣು ಸ್ಥಾವರದಲ್ಲಿ ಮುಚ್ಚಿರಬೇಕಾದ ವಾಲ್ವನ್ನು ತೆರೆಯಬಲ್ಲದು. ಬ್ರೌನ್ಸ್ ಫೆರಿಯಲ್ಲಿ ಪಂಪುಗಳು ತಾವಾಗಿಯೇ ಶುರುವಾದದ್ದು ಇಂಥದರಿಂದಲೇ.

ಮೊದಲಿನ ಜೋಡಣೆಯಲ್ಲಿ ಸ್ವಿಚ್ಚಿನ ತಂತಿ ಕಡಿದರೆ ಪಂಪು ಓಡುವುದೇ ಇಲ್ಲ. ಅದನ್ನು ತಿರುವಿಹಾಕಿದೆ: ಒತ್ತಡ ಸರಿ ಇರುವಷ್ಟು ಹೊತ್ತು ಸ್ವಿಚ್ಚು ಒಂದು ರಿಲೇಯನ್ನು (ಕರೆಂಟಿನಿಂದ ಆಡುವ ಸಣ್ಣ ಸ್ವಿಚ್ಚು) ಹಿಡಿದಿರಬೇಕು, ಕೈಬಿಟ್ಟರೆ ಪಂಪು ಓಡಬೇಕು. ಈಗ ತಂತಿ ಕಡಿದರೂ ಪಂಪು ಓಡುತ್ತದೆ. ಆದರೆ ಎರಡೂ ತಂತಿ ಒಂದಕ್ಕೊಂದು ಅಂಟಿದರೆ? ರಿಲೇ ಹಿಡಿದೇ ಇರುತ್ತದೆ, ಎಲ್ಲ ಸರಿ ಇದೆ ಅಂತ ತಿಳಿಯುತ್ತದೆ. ಅದಕ್ಕೇ ಎರಡನೇ ಸ್ವಿಚ್ಚು, ಎರಡನೇ ರಿಲೇ, ಬೇರೆ ದಾರಿಯಲ್ಲಿ ಬೇರೆ ಕೇಬಲ್ಲು. ಯಾವುದು ಕೈಬಿಟ್ಟರೂ ಸಾಕು. ಮೇಲಾಗಿ ಬ್ಯಾಟರಿ ಕೋಣೆಯ ಹತ್ತಿರ ಕೈಯಿಂದ ಓಡಿಸಲು ಒಂದು ಬಟನ್. ಟರ್ಬೈನ್ ನಿಂತು ಬ್ಯಾರಿಂಗ್ ಗೇರಿನ ಮೇಲೆ (ಅದನ್ನು ಮೆಲ್ಲಗೆ ತಿರುಗಿಸುತ್ತಿರುವ ಸಾಧನ) ಇದ್ದ ದಿನ ಎಸಿ ಪಂಪಿನ ಫ್ಯೂಸು ಕಿತ್ತು, ಒಂದೊಂದೇ ತಂತಿ ಬಿಚ್ಚಿ, ಜೋಡಿಸಿ ನೋಡಿದೆವು. ಪ್ರತಿ ಸಲವೂ ಡಿಸಿ ಪಂಪು ಎದ್ದಿತು.

ಮೂರು ವಾರಕ್ಕೆ ಇಲಿಯೊಂದು ಅದೇ ಸಣ್ಣ ಕೇಬಲ್ ಕಡಿಯಿತು. ರಾತ್ರಿ ಎರಡಕ್ಕೆ ಪಂಪು ತಾನಾಗಿಯೇ ಓಡಿ, ಶಿಫ್ಟಿನವರು ಫೋನ್ ಮಾಡಿ ನನ್ನನ್ನು ಬೈದರು. ನನಗೆ ಒಳಗೊಳಗೇ ಖುಷಿ.

ತೂತು ಮುಚ್ಚುವ ಕೆಲಸ ಆಮೇಲೆ. ಒಬ್ಬ ಮಾರಾಟಗಾರ "ಎರಡು ಗಂಟೆ ಸರ್ಟಿಫಿಕೇಟ್ ಇದೆ" ಅಂತ ಹಳದಿ ಫೋಮ್ ತಂದ. ಒಂದು ತುಂಡನ್ನು ಯಾರ್ಡಿನಲ್ಲಿ ಕಬ್ಬಿಣದ ಡ್ರಮ್ಮಿನೊಳಗಿಟ್ಟು ಗ್ಯಾಸ್ ಕಟರ್ ಹಿಡಿದೆ. ಎರಡು ನಿಮಿಷವೂ ತಡೆಯಲಿಲ್ಲ, ಉರಿಯುತ್ತಾ ತೊಟ್ಟಿಕ್ಕಿತು. ಇದೇನೂ ಪ್ರಯೋಗಾಲಯದ ಪರೀಕ್ಷೆಯಲ್ಲ, ಆದರೆ ಆತ ಮತ್ತೆ ಬರಲಿಲ್ಲ. ಕಾಗದ ನಂಬಿ ಕೆಟ್ಟವರು ನಾವೊಬ್ಬರೇ ಅಲ್ಲ. ಅಮೆರಿಕದ ಎಷ್ಟೋ ಅಣು ಸ್ಥಾವರಗಳಲ್ಲಿ ಕೇಬಲ್ಲಿಗೆ ಹೊದಿಸಿದ್ದ ಥರ್ಮೋ-ಲ್ಯಾಗ್ ಅನ್ನುವ ವಸ್ತು 1990ರ ದಶಕದ ಆರಂಭದಲ್ಲಿ ಮರುಪರೀಕ್ಷೆ ಮಾಡಿದಾಗ ಹೇಳಿದಷ್ಟು ಹೊತ್ತು ತಡೆಯಲಿಲ್ಲ. ನಾವು ರಾಕ್‌ವೂಲ್ (ಕಲ್ಲಿನ ಎಳೆಯ ಉಣ್ಣೆ) ಒತ್ತಿ ತುಂಬಿ, ಎರಡೂ ಬದಿಗೆ ಬೆಂಕಿ ತಡೆಯುವ ಲೇಪ ಕೊಟ್ಟು, ಗೋಡೆಯ ಎರಡೂ ಕಡೆ ಕೇಬಲ್ಲಿನ ಮೇಲೂ ಒಂದಷ್ಟು ಉದ್ದ ಬಳಿದೆವು. ಎಲ್ಲ ಕೇಬಲ್ಲಿಗೂ ಪೂರ್ತಿ ಸುತ್ತಿಬಿಡಿ ಅಂತ ಮಾಲೀಕರು ಹುರುಪು ತೋರಿದರು, ನಾನೇ ಬೇಡವೆಂದೆ. ಸುತ್ತಿದ ಕೇಬಲ್ಲಿನ ಶಾಖ ಹೊರಗೆ ಹೋಗುವುದಿಲ್ಲ. ಏಪ್ರಿಲ್-ಮೇನಲ್ಲಿ ಹೊರಗೇ 40 ಡಿಗ್ರಿ ದಾಟುವ ಊರಿದು, ಅದೇ ಕರೆಂಟು ಹರಿಸಿದರೆ ಹೊದಿಕೆಯೊಳಗೇ ಬೇಯುತ್ತದೆ.

ಜಿಲ್ಲೆಯಲ್ಲಿ ಅಣು ಸ್ಥಾವರದ ಮಾತು ಎದ್ದಾಗಿನಿಂದ ಕೈಗಾದಲ್ಲಿ ಇದ್ದವನು ಅಂತ ನನ್ನನ್ನು ಕೇಳುವವರು ಜಾಸ್ತಿ. ಬೇಕೋ ಬೇಡವೋ ಅನ್ನುವ ತೀರ್ಮಾನಕ್ಕೆ ನೀರು, ಭೂಮಿ, ಜನ ಎಲ್ಲ ಬರುತ್ತವೆ, ಕೇಬಲ್ ಎಳೆಯುವವನ ಅಭಿಪ್ರಾಯಕ್ಕೆ ಅಷ್ಟು ತೂಕ ಇಲ್ಲ. ನಾನು ಹೇಳುವುದು ಒಂದೇ: ಎಂಥ ಕಾರ್ಖಾನೆಯೇ ಬರಲಿ, ಎಷ್ಟು ಪಂಪು ಇವೆ ಅಂತ ಕೇಳಬೇಡಿ, ಅವುಗಳ ಕೇಬಲ್ಲು ಎಷ್ಟು ದಾರಿಯಲ್ಲಿ ಬರುತ್ತವೆ ಅಂತ ಕೇಳಿ.

ಹೋದ ತಿಂಗಳು ಮತ್ತೆ ಆ ಕಾರ್ಖಾನೆಗೆ ಹೋಗಿದ್ದೆ. ಆಯಿಲ್ ಟ್ಯಾಂಕಿನ ಹಿಂದಿನ ಸೀಲಿನಲ್ಲಿ ಹೆಬ್ಬೆರಳು ತೂರುವಷ್ಟು ಹೊಸ ತೂತು, ಅದರೊಳಗಿಂದ ಸಿಸಿಟಿವಿಯ ಬಿಳಿ ವೈರು. ಕ್ಯಾಮೆರಾ ಹಾಕಿದ ಹುಡುಗರು ಸ್ಕ್ರೂಡ್ರೈವರಿನಲ್ಲಿ ಚುಚ್ಚಿ ಹೋಗಿದ್ದಾರೆ. ಬ್ಯಾಗಿನಲ್ಲಿ ರಾಕ್‌ವೂಲ್ ಇತ್ತು, ತುಂಬಿ ಲೇಪ ಬಳಿದೆ. ಗೋಡೆಯ ಮೇಲೆ ಪೇಂಟಿನಲ್ಲಿ ಬರೆಸಿದೆ: "ಈ ಗೋಡೆಗೆ ತೂತು ಕೊರೆದವರೇ ಮುಚ್ಚತಕ್ಕದ್ದು". ಅದರ ಕೆಳಗೆ ಯಾರೋ ಆಗಲೇ ಪೆನ್ಸಿಲಿನಲ್ಲಿ ಗೀಚಿದ್ದಾರೆ, "ಇಲಿಗೂ ಹೇಳ್ರಿ ಸರ್".