ವೃದ್ಧಾಶ್ರಮದ ಅಜ್ಜ-ಅಜ್ಜಿಯರ ಬದುಕಿನ ಕಥೆ: ಕೇಳುವುದು, ಬರೆಯುವುದು, ಸಂಭ್ರಮಿಸುವುದು ಹೇಗೆ?

ಅಕ್ಟೋಬರ್ 1 ಅಂತರರಾಷ್ಟ್ರೀಯ ಹಿರಿಯರ ದಿನ. 1991ರಿಂದ ಆಚರಣೆಯಲ್ಲಿದೆ. ಅವತ್ತು ವೃದ್ಧಾಶ್ರಮಗಳಲ್ಲಿ ಶಾಲು, ಹಣ್ಣು, ಭಾಷಣ ಎಲ್ಲ ಇರುತ್ತದೆ. ಆದರೆ ಶಾಲು ಹೊದ್ದವರು ಯಾವ ಊರಿನವರು, ಏನು ಕೆಲಸ ಮಾಡಿದವರು ಅನ್ನೋದು ಎಷ್ಟೋ ಸಲ ಪಕ್ಕದ ಕೋಣೆಯವರಿಗೂ ಗೊತ್ತಿರುವುದಿಲ್ಲ. ತಿಂಗಳಿಗೆ ಒಬ್ಬರ ಕಥೆ ಕೇಳಿ, ಬರೆದು, ಎಲ್ಲರ ಮುಂದೆ ಓದುವ ಸಂಜೆಯೊಂದನ್ನು ಇಟ್ಟುಕೊಳ್ಳಿ. ಖರ್ಚು ಕಡಿಮೆ, ತಾಳ್ಮೆ ಜಾಸ್ತಿ ಬೇಕು.

ಮೊದಲು ಒಪ್ಪಿಗೆ. ಮಗ, ಮ್ಯಾನೇಜರ್ ಹೂಂ ಅಂದರೆ ಸಾಲದು, ಹಿರಿಯರೇ ಹೂಂ ಅನ್ನಬೇಕು. ಬೇಡ ಅಂದರೆ ಒತ್ತಾಯ ಮಾಡಬೇಡಿ.

ಬೆಳಗಿನ ತಿಂಡಿ ಆದ ಮೇಲೆ ಅರ್ಧ ಗಂಟೆ ಸಾಕು. ಫ್ಯಾನ್, ಟಿವಿ ಆಫ್ ಮಾಡಿ. ಮುಖ ಕಾಣುವ ಹಾಗೆ ಎದುರಿಗೇ ಕೂತುಕೊಳ್ಳಿ. ಕಿವಿ ಮಂದವಾದವರು ತುಟಿ ನೋಡಿಯೂ ಮಾತು ಹಿಡಿಯುತ್ತಾರೆ. ಮೊಬೈಲ್ ಅನ್ನು ಫ್ಲೈಟ್ ಮೋಡ್‌ಗೆ ಹಾಕಿ ರೆಕಾರ್ಡ್ ಮಾಡಿ.

ಇನ್ನು ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲೇ. "ನಿಮ್ಮ ಜೀವನದ ಬಗ್ಗೆ ಹೇಳಿ ಅಜ್ಜಿ" ಅಂದರೆ "ಏನಿದೆ ಮಗಾ ಹೇಳೋಕೆ" ಅಂತ ಮಾತು ಅಲ್ಲಿಗೇ ನಿಲ್ಲುತ್ತದೆ. ಸುಮಾರು ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳು ಇಳಿವಯಸ್ಸಿನಲ್ಲೂ ಗಟ್ಟಿಯಾಗಿರುತ್ತವೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು. ಹಾಗಾಗಿ ಆ ಕಾಲಕ್ಕೇ ಹೋಗಿ. 1957ರಲ್ಲಿ ನಯಾ ಪೈಸೆ ಬರುವ ಮುಂಚೆ ರೂಪಾಯಿಗೆ 16 ಆಣೆ. "ನಾಲ್ಕಾಣೆಗೆ ಸಂತೆಯಲ್ಲಿ ಏನೇನು ಬರ್ತಿತ್ತು?" ಅಂತ ಕೇಳಿ ನೋಡಿ. ಬೀದರ್, ಕಲಬುರಗಿ ಕಡೆಯವರಾದರೆ, ಏಕೀಕರಣಕ್ಕೆ ಮುಂಚೆ ಶಾಲೆಯಲ್ಲಿ ಯಾವ ಭಾಷೆಯಲ್ಲಿ ಕಲಿಸ್ತಿದ್ರು ಅಂತ ಕೇಳಿ. ಸಾಗರ, ಹೊಸನಗರದ ಕಡೆಯವರಿದ್ದರೆ ಲಿಂಗನಮಕ್ಕಿ ಅಣೆಕಟ್ಟಿನ ಮಾತು ಬಂದೇ ಬರುತ್ತದೆ. ಊರು, ತೋಟ ಮುಳುಗಿದ ಮಾತದು, ಅವಸರ ಮಾಡಬೇಡಿ.

ವಸ್ತುಗಳನ್ನೂ ಇಟ್ಟುಕೊಳ್ಳಿ. ಹಳೇ ಪಾವು, ಎಚ್‌ಎಂಟಿ ವಾಚು, ಅಡಕತ್ತರಿ. ಪಾವು ಕೈಗಿಟ್ಟರೆ ಅಜ್ಜಿ ಮೊದಲು ಅದರ ಅಂಚನ್ನು ಬೆರಳಿನಿಂದ ಸವರಬಹುದು. ಅಕ್ಕಿ ಅಳೆದು ಪಾವಿನ ತಲೆ ಸಮ ಮಾಡಿದ ಕೈ ಅದು. ಮಾತು ಆಮೇಲೆ ಬರುತ್ತದೆ, ಕಾಯಿರಿ.

ಮರೆವು ಇರುವವರಿಗೆ "ನೆನಪಿದೆಯಾ?" ಅಂತ ಕೇಳಲೇಬೇಡಿ, ಪರೀಕ್ಷೆ ಮಾಡಿದ ಹಾಗಾಗುತ್ತದೆ. ಇಸವಿ ತಪ್ಪಾದರೆ ತಿದ್ದಬೇಡಿ. ಕಣ್ಣೀರು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ, ಸುಮ್ನೆ ಜೊತೆಗಿರಿ. ಹೇಳಿದ್ದನ್ನೇ ಹೇಳಿದರೂ ಕೇಳಿ. ವಯಸ್ಸಾದವರು ಹಳೆಯದನ್ನು ಮತ್ತೆ ಮತ್ತೆ ನೆನೆಯುವುದು ಸಹಜ, ಅರಳುಮರಳು ಅಲ್ಲ ಅಂತ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು.

ಬರೆಯುವಾಗ ಅವರ ಮಾತಿನ ಧಾಟಿ ಹಾಗೇ ಇರಲಿ. ಧಾರವಾಡದ ಅಜ್ಜ "ಹೋಗಿದ್ನಿ" ಅಂದರೆ ಹಾಗೇ ಬರೆಯಿರಿ. ಎರಡು ಪುಟ ಮೀರಬೇಡಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡ ಅಂದದ್ದನ್ನು ಅವರ ಎದುರೇ ಹೊಡೆದುಹಾಕಿ.

ಸಂಜೆಯ ಕಾರ್ಯಕ್ರಮಕ್ಕೆ ಅತಿಥಿ ಬೇಡ, ಭಾಷಣ ಬೇಡ. ಅವರ ಊರಿನ ಒಂದು ತಿನಿಸು ಮಾಡಿಸಿ. ಕಥೆಯನ್ನು ಮೊಮ್ಮಗಳು ಓದಲಿ. ಮನೆಯವರು ಯಾರೂ ಬರದಿದ್ದರೆ ದಿನಾ ಅವರಿಗೆ ಊಟ ಕೊಡುವ ಸಿಬ್ಬಂದಿಯೇ ಓದಲಿ. ನನ್ನ ಪ್ರಕಾರ ಅದು ಇನ್ನೂ ಚೆನ್ನ. ಓದು ಹತ್ತು ನಿಮಿಷ ಸಾಕು, ಉಳಿದ ಹೊತ್ತು ಜೊತೆಯವರು ಪ್ರಶ್ನೆ ಕೇಳಲಿ.

ಕಥೆಯ ಒಂದು ಪ್ರತಿ ಅವರ ಕೈಗೆ, ಇನ್ನೊಂದು ಆಶ್ರಮದ ಕಪಾಟಿಗೆ. ಬೇರೆ ಯಾರಿಗೆ ಕೊಡಬೇಕು, ವಾಟ್ಸ್‌ಆ್ಯಪ್‌ನಲ್ಲಿ ಹಾಕಬಹುದಾ ಅಂತ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಯಾರ ಸರದಿ ಅನ್ನೋದನ್ನು ಅವತ್ತೇ, ಎಲ್ಲರೂ ಕೂತಿರುವಾಗಲೇ ಕೇಳಿ ಗೊತ್ತು ಮಾಡಿ.