ಚಳಿಗೆ ಮಗು ಮಲಗಿಸೋವಾಗ ಕೈಕಾಲು ಮುಟ್ಟಿ ನೋಡ್ಬೇಡಿ, ಕತ್ತಿನ ಹಿಂದೆ ಮುಟ್ಟಿ ನೋಡಿ

ಡಿಸೆಂಬರ್ ಬಂತು ಅಂದ್ರೆ ನನಗೆ ಫೋನ್ ಶುರು, ದೊಡ್ಡಮ್ಮ ಮಗು ಕೈ ಐಸ್ ಥರ ಇದೆ ಇನ್ನೊಂದು ಸ್ವೆಟರ್ ಹಾಕ್ಲಾ ಅಂತ. ಮೊನ್ನೆ ತಂಗಿ ಮಗಳು ಬೆಂಗಳೂರಿಂದ ರಾತ್ರಿ ಹನ್ನೊಂದಕ್ಕೆ ಮಾಡಿದ್ಲು, ಎರಡು ತಿಂಗಳ ಕೂಸು. ವಿಡಿಯೋ ಹಾಕು ಅಂದೆ. ನೋಡಿದ್ರೆ ಬನಿಯನ್ನು, ಅದರ ಮೇಲೆ ಜುಬ್ಬ, ಸ್ವೆಟರು, ಕುಲಾವಿ, ಸಾಕ್ಸು, ಕೈಗೆ ಗ್ಲೌಸು, ಇಷ್ಟೂ ಸಾಲದು ಅಂತ ಗಲ್ಲದ ತನಕ ದಪ್ಪ ರಗ್ಗು. ಮಗು ಮುಖ ಕೆಂಪಗಾಗಿದೆ. ಕತ್ತಿನ ಹಿಂದೆ ಕೈ ಇಟ್ಟು ನೋಡೇ ಅಂದೆ. ಒದ್ದೆ ಇದೆ ದೊಡ್ಡಮ್ಮಾ, ಬೆವರಿದಾನೆ ಅಂದ್ಲು, ಅವಳ ದನಿ ಸಣ್ಣಗಾಗೋಯ್ತು ಪಾಪ.

ಎಳೆ ಮಕ್ಕಳ ಕೈಕಾಲು ತಣ್ಣಗೇ ಇರುತ್ತೆ ಕಣ್ರೀ, ರಕ್ತ ಮೊದಲು ಒಳಗಿನ ಅಂಗಗಳಿಗೆ ಹೋಗುತ್ತೆ, ಕೈಕಾಲಿಗೆ ಆಮೇಲೆ. ಅದನ್ನೇ ನೋಡಿ ಬಟ್ಟೆ ಮೇಲೆ ಬಟ್ಟೆ ಹಾಕಿದ್ರೆ ಮಗು ಒಳಗೆ ಬೆಂದೋಗುತ್ತೆ. ನಿಮ್ಮ ಕೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು ಕತ್ತಿನ ಹಿಂದೆ, ಇಲ್ಲಾ ಎದೆ ಮೇಲೆ ಇಡಿ. ಬೆಚ್ಚಗಿದ್ದು ಒಣಗಿದ್ರೆ ಸಾಕು, ಕೈ ತಣ್ಣಗಿದ್ರೂ ಚಿಂತೆ ಇಲ್ಲ. ಬೆವರಿದ್ರೆ ಒಂದು ಬಟ್ಟೆ ತೆಗೀರಿ. ಪಾದ ತಣ್ಣಗಿದ್ದು ಹೊಟ್ಟೆನೂ ತಣ್ಣಗಾಗಿದ್ರೆ ಮಾತ್ರ ಅದು ನಿಜವಾದ ಚಳಿ, ಆಗ ತಡ ಮಾಡಬಾರದು.

ಎಷ್ಟು ಬಟ್ಟೆ ಅಂತ ಕೇಳ್ತಾರೆ. ಆ ರೂಮಲ್ಲಿ ನಿಮಗೆ ಎಷ್ಟು ಬೇಕೋ ಅದರ ಮೇಲೆ ಇನ್ನೊಂದು, ಅಷ್ಟೇ. ಬೆಂಗಳೂರಲ್ಲಿ ಡಿಸೆಂಬರ್ ರಾತ್ರಿ 15, 16 ಡಿಗ್ರಿ ಇರುತ್ತೆ, ನಮ್ಮ ಮೂಡಿಗೆರೆ ಕಡೆ ಇನ್ನೂ ಕಮ್ಮಿ, ಹಂಚಿನ ಮನೆ ಆದ್ರೆ ಕೇಳೋದೇ ಬೇಡ, ಅದಕ್ಕೆ ಎಲ್ಲರಿಗೂ ಒಂದೇ ಲೆಕ್ಕ ಹೇಳೋಕಾಗಲ್ಲ. ಮೈಗೆ ತಾಗೋದು ಹತ್ತಿ ಬಟ್ಟೆ ಆಗಿರ್ಲಿ, ಅದೂ ತೊಳೆದು ತೊಳೆದು ಮೆತ್ತಗಾದ ಹಳೇ ಪಂಚೆ, ಹಳೇ ಕಾಟನ್ ಸೀರೆದಾದ್ರೆ ಇನ್ನೂ ಒಳ್ಳೇದು, ಉಲ್ಲನ್ ಏನಿದ್ರೂ ಅದರ ಮೇಲೆ. ಒಂದೇ ದಪ್ಪ ಸ್ವೆಟರಿಗಿಂತ ಎರಡು ತೆಳ್ಳಗಿನ ಬಟ್ಟೆ ಬೆಚ್ಚಗಿಡುತ್ತೆ, ಮಧ್ಯ ಗಾಳಿ ನಿಂತಿರುತ್ತಲ್ಲ ಅದಕ್ಕೆ.

ಕುಲಾವಿ ಬಗ್ಗೆ ನಾನೂ ಮನಸ್ಸು ಬದಲಾಯಿಸ್ಕೊಂಡಿದೀನಿ. ಹುಟ್ಟಿದ ಮೊದಲ ದಿನಗಳಲ್ಲಿ, ತೂಕ ಕಮ್ಮಿ ಇರೋ ಮಕ್ಕಳಿಗೆ, ಹೊರಗೆ ಎತ್ಕೊಂಡು ಹೋಗೋವಾಗ ಬೇಕೇ ಬೇಕು, ಮಕ್ಕಳಿಗೆ ತಲೆನೇ ದೊಡ್ಡದು, ಶಾಖ ಅಲ್ಲಿಂದಾನೇ ಜಾಸ್ತಿ ಹೋಗೋದು. ಆದ್ರೆ ತಿಂಗಳು ತುಂಬಿ ಹುಟ್ಟಿ ಚೆನ್ನಾಗಿರೋ ಮಗು ಮನೆ ಒಳಗೆ ಮಲಗಿದಾಗ ಕುಲಾವಿ ತೆಗೆದುಬಿಡಿ. ಸೆಕೆ ಆದ್ರೆ ತಲೆಯಿಂದಾನೇ ಆರಬೇಕು, ಜಾರಿ ಮುಖದ ಮೇಲೆ ಬಂದ್ರೆ ಮೂಗು ಮುಚ್ಚುತ್ತೆ, ಗಲ್ಲಕ್ಕೆ ಕಟ್ಟೋ ದಾರ ಇದ್ರಂತೂ ರಾತ್ರಿ ಇಡಲೇಬೇಡಿ. ಕುತ್ತಿಗೆಗೆ ಹಾಕಿರೋ ಕಪ್ಪು ದಾರ, ಬಜೆ ಸರ ಕೂಡ ರಾತ್ರಿ ತೆಗೆದು ದೇವರ ಮನೇಲಿಡಿ. ದೃಷ್ಟಿಗೆ ಅಂತ ಬೇಕೇ ಬೇಕಿದ್ರೆ ಉಡಿದಾರ ಇದೆಯಲ್ಲ.

ಈಗ ಕೆಂಡದ ವಿಷಯ, ಇದನ್ನ ಬಿಡಿಸಿ ಹೇಳ್ಬೇಕು. ನಮ್ಮ ಕಾಲದಲ್ಲಿ ಬಾಣಂತಿ ಕೋಣೆ ಅಂದ್ರೆ ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡೋದು. ನನ್ನ ಎರಡನೇ ಬಾಣಂತನದಲ್ಲಿ ಜನವರಿ ತಿಂಗಳು, ಹೊಗೆ ಎಲ್ಲ ಹೋಗಿ ಕೆಂಡ ನಿಗಿನಿಗಿ ಆದ್ಮೇಲೇ ಒಳಗೆ ತಂದಿಟ್ಟಿದ್ರು, ಹೊಗೆ ಇಲ್ಲ ಅಂದ್ಮೇಲೆ ಏನೂ ಆಗಲ್ಲ ಅಂತ. ಬೆಳಗಿನ ಜಾವ ಎಚ್ಚರ ಆದ್ರೆ ತಲೆ ಸಿಡೀತಿದೆ, ವಾಕರಿಕೆ, ಎದ್ದು ಕೂರೋಕೆ ಆಗ್ತಿಲ್ಲ, ಪಕ್ಕದಲ್ಲಿ ಮಗು ಬಟ್ಟೆ ಥರ ಜೋತುಬಿದ್ದಿದೆ, ಎಬ್ಬಿಸಿದ್ರೂ ಹಾಲು ಹಿಡೀತಿಲ್ಲ. ನಮ್ಮತ್ತೆ ಬಂದು ಬಾಗಿಲು ಕಿಟಕಿ ಎಲ್ಲ ತೆಗೆದು ಇಬ್ಬರನ್ನೂ ಜಗಲಿಗೆ ಕರ್ಕೊಂಡು ಬಂದ್ರು, ಮಗು ಅಳೋ ಹೊತ್ತಿಗೆ ನನ್ನ ಜೀವ ಬಂತು. ಆಸ್ಪತ್ರೆಗೂ ಹೋಗಲಿಲ್ಲ, ಹೋಗಬೇಕಿತ್ತು. ಎಷ್ಟೋ ವರ್ಷ ಆದ್ಮೇಲೆ ಗೊತ್ತಾಗಿದ್ದು, ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅಂತ ಬರುತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ಹೊಗೆ ಕಾಣದಿದ್ರೂ ಅದು ಇರುತ್ತೆ, ನಿದ್ದೇಲಿದ್ದವರು ನಿದ್ದೇಲೇ ಹೋಗಿಬಿಡ್ತಾರೆ. ಆ ಮಗು ಇವತ್ತು ಎರಡು ಮಕ್ಕಳ ತಂದೆ, ಆದ್ರೂ ಆ ಬೆಳಗಿನ ಜಾವ ನೆನೆಸಿಕೊಂಡ್ರೆ ಈಗಲೂ ಕೈ ನಡುಗುತ್ತೆ. ಮಲಗೋ ಕೋಣೆಗೆ ಕೆಂಡ ಬೇಡ, ಬೇಡ ಅಂದ್ರೆ ಬೇಡ. ಸ್ನಾನದ ಮನೇಲಿ ಗ್ಯಾಸ್ ಗೀಸರ್ ಇದ್ರೆ ಅದರದ್ದೂ ಇದೇ ಕಥೆ, ನೀರು ತುಂಬಿಸಿ ಆಫ್ ಮಾಡಿ ಗಾಳಿ ಆಡಿದ ಮೇಲೆ ಮಗು ಒಳಗೆ ಕರ್ಕೊಂಡು ಹೋಗಿ.

ಕರೆಂಟ್ ರೂಮ್ ಹೀಟರ್ ಇದ್ರೆ ಮಲಗೋ ಅರ್ಧ ಗಂಟೆ ಮುಂಚೆ ಹಾಕಿ ಕೋಣೆ ಬೆಚ್ಚಗಾದ ಮೇಲೆ ಆಫ್ ಮಾಡಿ, ರಾತ್ರಿಯೆಲ್ಲ ಉರಿಸ್ಬೇಡಿ, ಮಗು ಕಡೆ ಮುಖ ಮಾಡಿ ಇಡಬೇಡಿ. ಬಿಸಿನೀರಿನ ಬ್ಯಾಗು ಹಾಸಿಗೆ ಬೆಚ್ಚಗೆ ಮಾಡೋಕೆ ಮಾತ್ರ, ಮಗು ಮಲಗಿಸೋ ಮುಂಚೆ ತೆಗೆದು ಹಾಸಿಗೆ ಮುಟ್ಟಿ ನೋಡಿ, ಎಳೆ ಚರ್ಮ ಸುಟ್ಟೋಗುತ್ತೆ. ಸ್ನಾನ ಆದ್ಮೇಲೆ ಸಾಂಬ್ರಾಣಿ ಹೊಗೆ ಮೇಲೆ ಮಗು ಹಿಡಿಯೋದು ಇದೆಯಲ್ಲ, ಆ ಪರಿಮಳ ನನಗೂ ಇಷ್ಟ, ಆದ್ರೆ ಆ ಸಣ್ಣ ಎದೆಗೂಡಿಗೆ ಹೊಗೆ ಒಳ್ಳೇದಲ್ಲ, ಒಣ ಟವೆಲ್‌ನಲ್ಲಿ ತಲೆ ಒತ್ತಿ ಒರೆಸಿದ್ರೆ ಆಯ್ತು. ಸ್ನಾನ ಬಿಸಿಲು ಏರಿದ ಮೇಲೆ ಮಾಡಿಸಿ. ನೆಗಡಿಗೆ ಅಂತ ಕರ್ಪೂರ ಹಾಕಿದ ಎಣ್ಣೆ ಎದೆಗೆ ಮೂಗಿಗೆ ಹಚ್ಚಬೇಡಿ, ಕರ್ಪೂರ ಎಳೆ ಮಕ್ಕಳಿಗೆ ವಿಷ.

ಮಲಗಿಸೋದು ಯಾವಾಗಲೂ ಅಂಗಾತ, ಹಗಲೂ ರಾತ್ರೀನೂ. ಹಾಲು ಕಕ್ಕಿದ್ರೆ ನೆತ್ತಿಗೆ ಹತ್ತಲ್ವಾ ಅಂತ ಭಯ ಎಲ್ಲರಿಗೂ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತೆ, ಅನ್ನನಾಳ ಅದರ ಕೆಳಗೆ, ಕಕ್ಕಿದ್ದು ಕೆಳಗೇ ಹೋಗುತ್ತೆ, ಬೋರಲು ಮಲಗಿಸಿದ್ರೇ ಅಪಾಯ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಶುರು ಮಾಡಿದ ಮೇಲೆ ಮಕ್ಕಳು ನಿದ್ದೇಲೇ ತೀರಿಹೋಗೋದು ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳೀತು. ಹಾಸಿಗೆ ಗಟ್ಟಿ, ಸಮತಟ್ಟು ಇರ್ಲಿ. ರಾಗಿ ದಿಂಬು, ಪಕ್ಕಕ್ಕಿಡೋ ದಿಂಬು, ಬೊಂಬೆ, ರಗ್ಗು, ಕೌದಿ ಯಾವುದೂ ಮಲಗಿದ ಮಗು ಹತ್ತಿರ ಬೇಡ. ಸೀರೆ ಜೋಲೀಲಿ ಮಗು ಬಾಗಿ ಗಲ್ಲ ಎದೆಗೆ ತಾಗಿ ಉಸಿರು ಕಟ್ಟಬಹುದು, ಅದಕ್ಕೆ ನೀವು ಕಣ್ಣೆದುರಿಗೆ ಇರೋವಾಗ ತೂಗಿ, ರಾತ್ರಿಗೆ ತೊಟ್ಟಿಲು ನಿಮ್ಮ ಮಂಚಕ್ಕೆ ಒತ್ತಿಕೊಂಡೇ ಇರ್ಲಿ. ಹಾಲು ಕುಡಿಸ್ತಾ ಸೋಫಾ ಮೇಲೆ ನಿದ್ದೆ ಹೋಗೋದಂತೂ ತುಂಬಾ ಕೆಟ್ಟದ್ದು. ಮನೇಲಿ ಯಾರಾದ್ರೂ ಕುಡಿದಿದ್ರೆ, ಸಿಗರೇಟು ಬೀಡಿ ಸೇದೋರಾದ್ರೆ, ನಿದ್ದೆ ಬರೋ ಮಾತ್ರೆ ತಗೊಂಡಿದ್ರೆ ಅವರ ಪಕ್ಕ ಮಗು ಮಲಗಿಸಲೇಬಾರದು.

ಹಾಗಾದ್ರೆ ಹೊದಿಕೆಗೆ ಏನು ಅಂದ್ರೆ ಹೊಲಿಗೆ ಬರೋರು ಒಂದು ಚೀಲ ಹೊಲಿದುಬಿಡಿ, ಅಂಗಡೀಲೂ ಸ್ಲೀಪಿಂಗ್ ಬ್ಯಾಗ್ ಅಂತ ಸಿಗುತ್ತೆ. ಹಳೇ ಫ್ಲಾನೆಲ್ ಬಟ್ಟೆ ಸಾಕು. ತೋಳಿಲ್ಲದ ಜುಬ್ಬದ ಥರ ಮೇಲ್ಗಡೆ, ಕೆಳಗೆ ಗೋಣಿಚೀಲದ ಥರ ಮುಚ್ಚಿರ್ಬೇಕು, ಕಾಲು ಆಡಿಸೋಕೆ ಪಾದದ ಕೆಳಗೆ ಒಂದು ಗೇಣು ಜಾಗ ಬಿಡಿ. ಕತ್ತು ಮಾತ್ರ ಸರಿಯಾಗಿ ಅಳತೆ ನೋಡಿ ಮಾಡಿ, ಅಗಲ ಆದ್ರೆ ಮಗು ತಲೆನೇ ಒಳಗೆ ಜಾರುತ್ತೆ. ಒದ್ದರೂ ಹೋಗಲ್ಲ, ಮುಖಕ್ಕೂ ಬರಲ್ಲ. ಬಟ್ಟೆ ಸುತ್ತೋ ಅಭ್ಯಾಸ ಇದ್ರೆ ಸೊಂಟದ ಕೆಳಗೆ ಸಡಿಲ ಬಿಡಿ, ಕಾಲು ನೇರ ಎಳೆದು ಬಿಗಿ ಕಟ್ಟಿದ್ರೆ ಸೊಂಟದ ಕೀಲು ಕೆಡುತ್ತೆ, ಮಗು ಮಗ್ಗುಲಾಗೋಕೆ ನೋಡಿದ ದಿನದಿಂದ ಸುತ್ತೋದು ನಿಲ್ಲಿಸಿ. ರಾತ್ರಿ ಎದ್ದಾಗೆಲ್ಲ ಕೆಳಗೆ ಮುಟ್ಟಿ ನೋಡಿ, ಒದ್ದೆ ಬಟ್ಟೆಯಷ್ಟು ಬೇಗ ಮಗು ತಣ್ಣಗೆ ಮಾಡೋದು ಇನ್ನೊಂದಿಲ್ಲ.

2.5 ಕೆಜಿಗಿಂತ ಕಮ್ಮಿ ಹುಟ್ಟಿದ ಮಗು ಆದ್ರೆ ಬಟ್ಟೆಗಿಂತ ಅಮ್ಮನ ಮೈಯೇ ಮದ್ದು. ಮಗುಗೆ ಡೈಪರ್ ಕುಲಾವಿ ಬಿಟ್ಟು ಎಲ್ಲ ತೆಗೆದು ಎದೆ ಮೇಲೆ ನೆಟ್ಟಗೆ ಮಲಗಿಸ್ಕೊಂಡು ಮೇಲೆ ಬಟ್ಟೆ ಹೊದ್ದುಕೊಳ್ಳಿ, ಕಾಂಗರೂ ಆರೈಕೆ ಅಂತಾರೆ, ದಿನಕ್ಕೆ 8 ಗಂಟೆಗಿಂತ ಜಾಸ್ತಿ ಆದಷ್ಟೂ ಒಳ್ಳೇದು. ಅಪ್ಪನೂ ಮಾಡಬಹುದು, ಅಜ್ಜಿನೂ ಮಾಡಬಹುದು, ಅಮ್ಮ ಒಬ್ಬಳೇ ಎಷ್ಟು ಹೊತ್ತು ಅಂತ ಕೂರ್ತಾಳೆ.

ಮನೇಲಿ ಒಂದು ಥರ್ಮಾಮೀಟರ್ ಇಟ್ಕೊಳ್ಳಿ. ಕಂಕುಳಲ್ಲಿ 97.7ರಿಂದ 99.5 ಫ್ಯಾರನ್‌ಹೀಟ್ ಇದ್ರೆ ಸರಿ. ಕಮ್ಮಿ ಇದ್ರೆ ತಕ್ಷಣ ಎದೆಗೆ ಅಂಟಿಸ್ಕೊಂಡು ಹಾಲು ಕುಡಿಸಿ, ಒಂದು ಗಂಟೇಲಿ ಏರದಿದ್ರೆ ಡಾಕ್ಟರ ಹತ್ತಿರ ಹೋಗಿ. ಮೂರು ತಿಂಗಳ ಒಳಗಿನ ಮಗುಗೆ 100.4 ದಾಟಿದ್ರೆ, ಹಾಲು ಬಿಟ್ಟರೆ, ಅಳು ಕ್ಷೀಣ ಆದ್ರೆ, ಉಸಿರಾಡೋವಾಗ ಪಕ್ಕೆ ಒಳಗೆ ಹೋಗ್ತಿದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ. ಮನೆಗೆ ಬರೋ ಆಶಾ ಅವರ ನಂಬರು ಗೋಡೆ ಮೇಲೆ ಬರೆದಿಟ್ಟಿರಿ, ಹಳ್ಳೀಲಿ ಗಾಡಿ ಸಿಗದಿದ್ರೆ 108ಕ್ಕೆ ಮಾಡಿ, ಜ್ವರ ಇಲ್ಲದೆ ಮೈ ತಣ್ಣಗಾಗಿರೋ ಮಗು ಆದ್ರೆ ಅವರು ಬರೋ ತನಕ ಮತ್ತೆ ಆಸ್ಪತ್ರೆ ದಾರಿ ಪೂರ್ತಿ ನಿಮ್ಮ ಬರಿ ಎದೆಗೇ ಅಂಟಿಕೊಂಡಿರ್ಲಿ, ಮೇಲೆ ನಿಮ್ಮ ಸೆರಗು, ಅದರ ಮೇಲೆ ಕಂಬಳಿ, ಮೂಗು ಬಾಯಿ ಮಾತ್ರ ಹೊರಗೆ ಕಾಣ್ತಿರ್ಬೇಕು.